ಗಣಕಯಂತ್ರದ ಕೀಲಿಮಣೆಯೂ ಕನ್ನಡ ಬರವಣಿಗೆಯೂ

ನಮ್ಮ ಮೇಲಿನ ವರ್ಗಗಳ ವಿದ್ಯಾರ್ಥಿನಿಯರಲ್ಲಿ ಗಣಕಯಂತ್ರವನ್ನು ಕಾಣದವರು ಈಗ ಯಾರೂ ಇಲ್ಲ. ಕೈಯಲ್ಲಿ ಹಿಡಿಯುವ ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ಕನ್ನಡದಲ್ಲಿ ನಾಲ್ಕು ಮಾತು ಬರೆಯಬಲ್ಲವರೂ ಬಹುಮಂದಿ ಇರುವರು. ಆದರೂ ಒಂದು ಅರ್ಜಿಯನ್ನಾಗಲಿ ಪ್ರಬಂಧವನ್ನಾಗಲಿ ಯಂತ್ರದ ಮುಂದೆ ಕುಳಿತು ಮೊದಲಿಂದ ಕೊನೆಯ ವರೆಗೆ ತಾವೇ ಕನ್ನಡದಲ್ಲಿ ಬರೆದು, ತಿದ್ದಿ, ಅಚ್ಚು ಮಾಡಿ ಒಪ್ಪಿಸಿರೆಂದು ಹೇಳಿದರೆ ಅಳುಕುವವರೇ ಹೆಚ್ಚು. ಅವರು ಪೇಟೆಯ ಅಂಗಡಿಗೆ ಹೋಗಿ ಹಣ ಕೊಟ್ಟು ಬರೆಯಿಸಿಕೊಂಡು ಬರುವರು. ಅಲ್ಲಿ ತಮ್ಮ ಹೆಸರಿನಲ್ಲಿಯೋ ಊರ ಹೆಸರಿನಲ್ಲಿಯೋ ಒಂದು ದೀರ್ಘ ತಪ್ಪಿದ್ದರೂ ತಿದ್ದಲು ಶಕ್ತರಾಗದೆ ಹಾಗೆಯೇ ಸಹಿ ಹಾಕುವರು. ಈ ಪರಾಧೀನತೆಗೆ ಕಾರಣವು ಯಂತ್ರದ ಕಠಿಣತೆಯಲ್ಲ, ಅದರ ಸುತ್ತಲೂ ಹಬ್ಬಿರುವ ಕೆಲವು ಶಬ್ದಗಳ ಅರ್ಥವು ತಿಳಿಯದೆ ಇರುವದೇ ಎಂಬದು ನಮ್ಮ ಅಭಿಪ್ರಾಯ. ಆದಕಾರಣ ಆ ಶಬ್ದಗಳನ್ನು ಒಂದೊಂದಾಗಿ ಬಿಡಿಸಿ ಹೇಳಲು ಈ ಲೇಖನದಲ್ಲಿ ಯತ್ನಿಸುವೆವು.

ಮೊದಲು ಹೆಸರುಗಳನ್ನು ನೋಡೋಣ. ಕಂಪ್ಯೂಟರಿಗೆ ಗಣಕಯಂತ್ರವೆಂತಲೂ, ಕೀಬೋರ್ಡಿಗೆ ಕೀಲಿಮಣೆಯೆಂತಲೂ, ಅದನ್ನು ಒತ್ತಿ ಬರೆಯುವ ಕೆಲಸಕ್ಕೆ ಬೆರಳಚ್ಚೆಂತಲೂ, ಯಂತ್ರಕ್ಕೆ ಕೆಲಸವನ್ನು ಕಲಿಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂತಲೂ ಕನ್ನಡದಲ್ಲಿ ಹೇಳುವ ರೂಢಿಯುಂಟು. ಪತ್ರ, ಪ್ರಬಂಧ ಮುಂತಾದವುಗಳನ್ನು ಬರೆದು ತಿದ್ದಿ ಅಂದಗೊಳಿಸುವ ತಂತ್ರಾಂಶಕ್ಕೆ ಪದಸಂಸ್ಕಾರಕವೆಂಬ ಹೆಸರು. ಕೀಲಿಮಣೆ ಎಂಬ ಮಾತು ನಮ್ಮ ಸೀಮೆಯ ಹುಡುಗಿಯರಿಗೆ ತುಸು ನಗೆಯನ್ನು ತರಿಸಿದರೆ ಆಶ್ಚರ್ಯವಿಲ್ಲ. ಯಾಕಂದರೆ ಗೋಕಾಕ, ಹುಕ್ಕೇರಿಗಳ ಕಡೆಗೆ ಕೀಲಿ ಎಂದರೆ ಬಾಗಿಲಿಗೆ ಹಾಕುವ ಬೀಗವೇ ಹೊರತು ಅದನ್ನು ತೆರೆಯುವ ಸಾಧನವಲ್ಲ. ಇಲ್ಲಿ ಮಾತ್ರ ಕೀಲಿ ಎಂದರೆ ಒತ್ತುವ ಗುಂಡಿ ಎಂದು ತಿಳಿಯತಕ್ಕದ್ದು.

ಫೈಲ್ ಎಂಬದಕ್ಕೆ ಕಡತವೆಂಬ ಶಬ್ದವು ಬಹಳ ಸೊಗಸಾಗಿ ಒದಗಿದೆ. ಪೂರ್ವದಲ್ಲಿ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಸವರಿ ಕಪ್ಪಾಗಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಅದೇ ಕಡತ. ವ್ಯಾಪಾರಿಗಳೂ ಶಾನುಭೋಗರೂ ಮಠಗಳೂ ಇದನ್ನು ಬಳಸುತ್ತಿದ್ದರು; ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಬಹಳ ಕಾಲ ಕಾದಿಡಲ್ಪಟ್ಟಿವೆ. ಬೇಡವಾದುದನ್ನು ಒರಸಿ ಅದೇ ಸ್ಥಳದಲ್ಲಿ ಬೇರೊಂದನ್ನು ಬರೆಯಬಹುದಾದ್ದು ಅದರ ವಿಶೇಷ ಗುಣ. ಗಣಕದ ಕಡತಕ್ಕೂ ಅದೇ ಗುಣವಿರುವದು. ಆದ್ದರಿಂದ ಈ ಶಬ್ದವನ್ನು ಮೊದಲು ಇಲ್ಲಿಗೆ ತಂದವರು ಕನ್ನಡವನ್ನು ಬಲ್ಲವರೆಂದೇ ಹೇಳಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಗಣಕದಲ್ಲಿ ಅಕ್ಷರವೆಂದರೇನು? ಪರದೆಯ ಮೇಲೆ ನಮಗೆ ಕಾಣುವದು ಒಂದು ಚಿತ್ರ. ಆದರೆ ಯಂತ್ರವು ತನ್ನೊಳಗೆ ಇಟ್ಟುಕೊಳ್ಳುವದು ಆ ಚಿತ್ರವನ್ನಲ್ಲ. ಈ ಭೇದವನ್ನು ತಿಳಿಯದವಳು ಎಷ್ಟು ವರ್ಷ ಬೆರಳಚ್ಚು ಮಾಡಿದರೂ ಕೈಯಿಂದ ಮಾತ್ರ ಮಾಡುವಳು, ಬುದ್ಧಿಯಿಂದ ಮಾಡಲಾರಳು.

ಇದಕ್ಕೆ ಅಚ್ಚುಕೂಟದ ಇತಿಹಾಸದಲ್ಲಿಯೇ ಒಂದು ಒಳ್ಳೆಯ ದೃಷ್ಟಾಂತವುಂಟು. ಕನ್ನಡದ ಮೊದಲ ವೃತ್ತಪತ್ರವಾದ ಮಂಗಳೂರ ಸಮಾಚಾರವನ್ನು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಸನ್ 1843ರಲ್ಲಿ ಮಂಗಳೂರಿನಲ್ಲಿ ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ಕಲ್ಲಚ್ಚಿನಲ್ಲಿ ಒಂದು ಪುಟವೆಲ್ಲ ಒಂದೇ ಚಿತ್ರ. ಅದರೊಳಗಿಂದ ಒಂದು ಅಕ್ಷರವನ್ನು ಎತ್ತಿ ಬೇರೆ ಕಡೆಯಲ್ಲಿ ಇಡುವ ಹಾಗಿಲ್ಲ. ಮರುವರ್ಷವೇ ಪತ್ರಿಕೆಯು ಬಳ್ಳಾರಿಗೆ ಹೋಗಿ ಅಲ್ಲಿ ಸೀಸದ ಅಚ್ಚುಮೊಳೆಗಳಿಂದ ಮುದ್ರಿತವಾಗಹತ್ತಿತು. ಮೊಳೆಗಳಾದರೋ ಬಿಡಿಬಿಡಿಯಾದವುಗಳು. ಒಂದು ಪುಟವನ್ನು ಅಚ್ಚು ಮಾಡಿದ ಮೇಲೆ ಕಳಚಿ, ಅವವುಗಳ ಮನೆಯಲ್ಲಿ ಹಾಕಿ, ಮರುದಿನ ಅವುಗಳಿಂದಲೇ ಬೇರೊಂದು ಪುಟವನ್ನು ಕಟ್ಟಬಹುದು.

ಈಗಲೂ ಹಾಗೆಯೇ. ಪುಸ್ತಕದ ಪುಟವೊಂದರ ಫೋಟೋ ತೆಗೆದು ಮೊಬೈಲಿನಲ್ಲಿ ಗೆಳತಿಗೆ ಕಳುಹಿಸಿದರೆ ಅದು ಕಲ್ಲಚ್ಚು. ಕಣ್ಣಿಗೆ ಅಕ್ಷರ, ಯಂತ್ರಕ್ಕೆ ಕೇವಲ ಚಿತ್ರ. ಅದೇ ಪುಟವನ್ನು ಕೀಲಿಮಣೆಯಿಂದ ಬರೆದು ಕಳುಹಿಸಿದರೆ ಅದು ಮೊಳೆಯಚ್ಚು. ಅದರಲ್ಲಿ ಹುಡುಕಬಹುದು, ತಿದ್ದಬಹುದು, ಒಂದು ಸಾಲನ್ನು ಎತ್ತಿ ಇನ್ನೊಂದು ಲೇಖನದಲ್ಲಿ ಇಡಬಹುದು.

ಆ ಬಿಡಿ ಮೊಳೆಯು ಗಣಕದಲ್ಲಿ ಒಂದು ಸಂಖ್ಯೆಯ ರೂಪದಿಂದ ಇರುವದು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬದನ್ನು ಜಗತ್ತಿನ ಭಾಷೆಗಳೆಲ್ಲಕ್ಕೂ ಒಟ್ಟಾಗಿ ಗೊತ್ತುಪಡಿಸಿದ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿಯು 1991ರಲ್ಲಿ ಪ್ರಕಟವಾಯಿತು; ಕನ್ನಡಕ್ಕೆ ಅದರಲ್ಲಿಯೇ ಸ್ಥಳ ದೊರೆಯಿತು. 3200ರಿಂದ 3327ರ ವರೆಗಿನ 128 ಮನೆಗಳು ಕನ್ನಡದವು. ಕೆಲವು ಮನೆಗಳು ಇನ್ನೂ ಬರಿದಾಗಿವೆ. ಕಕಾರದ ಸಂಖ್ಯೆ 3221, ರಕಾರದ್ದು 3248. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಾದ್ದಿಲ್ಲ. ಇವೆ ಎಂದು ತಿಳಿದರೆ ಸಾಕು.

ನಮ್ಮ ಕೊಣ್ಣೂರ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ಕಣ್ಣಿಗೆ ಕಾಣುವ ಅಕ್ಷರಗಳು ಮೂರು: ಕೊ, ಣ್ಣೂ, ರ. ಯಂತ್ರವು ಇದನ್ನು ಏಳು ತುಂಡಾಗಿ ಇಟ್ಟುಕೊಳ್ಳುವದು. ಮೊದಲು ಕ, ಆ ಮೇಲೆ ಒತ್ವದ ಚಿಹ್ನೆ, ಣ, ಅದರ ಸ್ವರವನ್ನು ಕಳೆಯುವ ಅರ್ಧಾಕ್ಷರ ಚಿಹ್ನೆ, ಅಂದರೆ ಹಲಂತ, ಮತ್ತೊಂದು ಣ, ಊತ್ವದ ಚಿಹ್ನೆ, ಕೊನೆಗೆ ರ. ಸಂಖ್ಯೆಗಳಲ್ಲಿ ಹೇಳುವದಾದರೆ 3221, 3274, 3235, 3277, 3235, 3266, 3248. ಎರಡನೆಯ ಣಕಾರವು ಮೊದಲನೆಯದರ ಕೆಳಗೆ ಒತ್ತಾಗಿ ಕುಳಿತುಕೊಳ್ಳುವದನ್ನು ನಾವು ಹೇಳಬೇಕಾಗಿಲ್ಲ. ಹಲಂತದ ಮುಂದೆ ವ್ಯಂಜನವು ಬಂದಿತೆಂದರೆ ಯಂತ್ರವೇ ಅದನ್ನು ಒತ್ತಕ್ಷರವಾಗಿ ತೋರಿಸುವದು. ಇದನ್ನು ಓದಿದ ಕೂಡಲೆ ನಿಮ್ಮಲ್ಲಿ ಚುರುಕಾದವರು, ಇದು ಎರಡನೆಯ ಇಯತ್ತೆಯಲ್ಲಿ ಕಲಿತ ಕಾಗುಣಿತವೇ ಅಲ್ಲವೇ ಎಂದು ಕೇಳುವಿರಿ. ಹೌದು, ಅದೇ. ವ್ಯಂಜನಕ್ಕೆ ಸ್ವರವು ಕೂಡುವದೂ, ಸ್ವರವು ಲೋಪವಾಗಿ ಸಂಯುಕ್ತಾಕ್ಷರವಾಗುವದೂ ನಮ್ಮ ವ್ಯಾಕರಣದ ಸಂಧಿ, ಸಂಯೋಗಗಳ ಪಾಠದಲ್ಲಿ ಬಂದೇ ಇದೆ. ಕಾಗುಣಿತವನ್ನು ಚೆನ್ನಾಗಿ ಬಲ್ಲವಳಿಗೆ ಕನ್ನಡ ಬೆರಳಚ್ಚಿನ ಅರ್ಧ ಪಾಲು ಆಗಲೇ ಬಂದಂತಾಯಿತು.

ಇನ್ನು ಕೀಲಿಮಣೆಯನ್ನು ಕುರಿತು. ಇದರ ಮೇಲಿನ ಇಂಗ್ಲಿಷ ಅಕ್ಷರಗಳು ಅಕಾರಾದಿಯಾಗಿರದೆ ಕ್ಯೂ, ಡಬ್ಲ್ಯು, ಇ, ಆರ್, ಟಿ, ವೈ ಎಂದು ಚೆದರಿದ ಹಾಗೆ ಇರುವದನ್ನು ಕಂಡು ಹೊಸಬರು ಗಾಬರಿಯಾಗುವರು. ಈ ಕ್ರಮವು ಅಮೇರಿಕದ ಕ್ರಿಸ್ಟೋಫರ್ ಶೋಲ್ಸ್ ಎಂಬವರ ಬೆರಳಚ್ಚು ಯಂತ್ರದಿಂದ ಬಂದದ್ದು. ಅದನ್ನು ರೆಮಿಂಗ್ಟನ್ ಕಂಪನಿಯು 1874ರಲ್ಲಿ ಮಾರಾಟಕ್ಕೆ ತಂದಿತು. ಆ ಮೊದಲ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1878ರಲ್ಲಿ ಬಂದ ಎರಡನೆಯ ಯಂತ್ರದಲ್ಲಿ ಒಂದೊಂದು ಮೊಳೆಯ ಮೇಲೆ ಚಿಕ್ಕದೂ ದೊಡ್ಡದೂ ಎರಡೆರಡು ಅಕ್ಷರಗಳಿದ್ದು, ಒಂದು ಕೀಲಿಯನ್ನು ಒತ್ತಿದರೆ ಕಾಗದವನ್ನು ಹೊತ್ತ ಗಾಡಿಯು ತುಸು ಸರಿದು ಎರಡನೆಯ ಅಕ್ಷರವು ಮೂಡುತ್ತಿತ್ತು. ಶಿಫ್ಟ್ ಎಂದರೆ ಸರಿಯುವದು. ಈಗ ಏನೂ ಸರಿಯುವದಿಲ್ಲ, ಆದರೂ ಆ ಕೀಲಿಗೆ ಹೆಸರು ಹಾಗೆಯೇ ಉಳಿದಿದೆ. ಸಾಲು ಮುಗಿದಾಗ ಗಾಡಿಯನ್ನು ಮೊದಲಿನ ಸ್ಥಳಕ್ಕೆ ತಿರುಗಿ ತರಬೇಕಾಗುತ್ತಿದ್ದುದರಿಂದ ರಿಟರ್ನ್ ಎಂಬ ಹೆಸರು ಬಂತು. ಅದೇ ಈಗಿನ ಎಂಟರ್ ಕೀಲಿ. ಅಂಕಿಗಳನ್ನು ಕೋಷ್ಟಕವಾಗಿ ಒಂದರ ಕೆಳಗೊಂದು ನಿಲ್ಲಿಸುವದಕ್ಕೆ ಇದ್ದದ್ದು ಟ್ಯಾಬ್. ಹೀಗೆ ಹಳೆಯ ಯಂತ್ರವು ಕಣ್ಮರೆಯಾಗುತ್ತ ಬಂದರೂ ಅದರ ಮಾತುಗಳು ನಮ್ಮ ಬೆರಳ ಕೆಳಗೆ ಇವೆ.

ಪ್ರಾಸಂಗಿಕವಾಗಿ ಒಂದು ಮಾತು. ಆ ಯಂತ್ರವು ಬಂದ ಕೆಲವೇ ವರ್ಷಗಳಲ್ಲಿ, ಅಂದರೆ 1881ರಲ್ಲಿ, ನ್ಯೂಯಾರ್ಕ ಪಟ್ಟಣದ ತರುಣ ಕ್ರೈಸ್ತ ಸ್ತ್ರೀಯರ ಸಂಘವು ಹೆಣ್ಣುಮಕ್ಕಳಿಗೆ ಬೆರಳಚ್ಚಿನ ವರ್ಗವನ್ನು ತೆರೆಯಿತು. ಸ್ತ್ರೀಯರ ದೇಹವು ಈ ಕೆಲಸದ ಶ್ರಮವನ್ನು ತಾಳದೆಂದು ಹೇಳಿದವರೂ ಆಗ ಇದ್ದರು. ಮುಂದಿನ ಕೆಲವು ದಶಕಗಳಲ್ಲಿ ಆ ದೇಶದ ಕಚೇರಿಗಳ ಬೆರಳಚ್ಚು ಯಂತ್ರಗಳ ಮುಂದೆ ಕುಳಿತವರು ಬಹುತೇಕ ಸ್ತ್ರೀಯರೇ ಆದರು.

ಇದೇ ಇಂಗ್ಲಿಷ ಕೀಲಿಮಣೆಯ ಮೇಲೆ ಕನ್ನಡವನ್ನು ಬರೆಯುವ ಕ್ರಮಗಳು ಒಂದಕ್ಕಿಂತ ಹೆಚ್ಚು ಇವೆ. ಒಂದನ್ನು ಆರಿಸಿಕೊಂಡು ಅದರಲ್ಲಿಯೇ ಕೈ ಪಳಗಿಸಿಕೊಳ್ಳುವದು ಒಳ್ಳೇದು. ಇಂದು ಒಂದು, ನಾಳೆ ಒಂದು ಎಂದರೆ ಯಾವದೂ ಕೈವಶವಾಗದು. ಭಾರತ ಸರಕಾರವು ದೇಶಭಾಷೆಗಳೆಲ್ಲಕ್ಕೂ ಸಾಮಾನ್ಯವಾಗಿ ಮಾಡಿಸಿದ್ದು ಇನ್‌ಸ್ಕ್ರಿಪ್ಟ್. ಅದರಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಹೆಚ್ಚಾಗಿ ಬಲಗೈಗೂ ಬರುವವು. ಇಂಗ್ಲಿಷ ಉಚ್ಚಾರವನ್ನು ಅನುಸರಿಸಿ ಬರೆಯುವದು ಇನ್ನೊಂದು ಕ್ರಮ; ಶೇಷಾದ್ರಿವಾಸು ಎಂಬವರು 1998ರಲ್ಲಿ ಹೊರಡಿಸಿದ ಬರಹ ಎಂಬ ತಂತ್ರಾಂಶದಿಂದ ಇದು ಮನೆಮನೆಗೂ ಪರಿಚಿತವಾಯಿತು. ಮೂರನೆಯದು ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ರಚಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರುವದು ಇದನ್ನು ಅನುಸರಿಸಿದ ವಿನ್ಯಾಸವೇ, ಮತ್ತು ಕರ್ನಾಟಕ ಸರಕಾರವು ಒಪ್ಪಿಕೊಂಡದ್ದೂ ಅದನ್ನೇ. ನಮ್ಮ ವಿದ್ಯಾರ್ಥಿನಿಯರು ಇದನ್ನೇ ಕಲಿಯಲೆಂದು ನಾವು ಬಯಸುವೆವು. ಪಕ್ಷಪಾತವೆಂದು ಯಾರಾದರೂ ಅಂದರೆ ಅನ್ನಲಿ. ಇದರ ಯುಕ್ತಿಯು ನಮಗೆ ಬಹಳ ಮೆಚ್ಚಿಕೆಯಾಗಿದೆ.

ಆ ಯುಕ್ತಿ ಏನೆಂದರೆ, ಇಪ್ಪತ್ತಾರೇ ಕೀಲಿಗಳಲ್ಲಿ ಕನ್ನಡ ವರ್ಣಮಾಲೆಯೆಲ್ಲ ಅಡಗಿದೆ. ಕೆ ಒತ್ತಿದರೆ ಕ. ಶಿಫ್ಟಿನೊಡನೆ ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟಿನೊಡನೆ ಘ. ಹೀಗೆ ಅಲ್ಪಪ್ರಾಣವು ಕೆಳಗೆ, ಮಹಾಪ್ರಾಣವು ಶಿಫ್ಟಿನ ಮೇಲೆ. ಸ್ವರಗಳಲ್ಲಿಯೂ ಹಾಗೆಯೇ: ಹ್ರಸ್ವವು ಕೆಳಗೆ, ದೀರ್ಘವು ಶಿಫ್ಟಿನೊಡನೆ. ಅದಲ್ಲದೆ ಸ್ವರದ ಕೀಲಿಯು ಎರಡು ಕೆಲಸ ಮಾಡುವದು. ಶಬ್ದದ ಆರಂಭದಲ್ಲಿ ಐ ಕೀಲಿಯನ್ನು ಒತ್ತಿದರೆ ಇ ಎಂಬ ಪೂರ್ಣ ಸ್ವರವು ಬರುವದು. ಕಕಾರವಾದ ಮೇಲೆ ಅದನ್ನೇ ಒತ್ತಿದರೆ ಗುಡಿಸು ಬಿದ್ದು ಕಿ ಆಗುವದು. ಹಲಂತಕ್ಕೆ ಎಫ್ ಕೀಲಿ. ಇಷ್ಟು ತಿಳಿದ ಮೇಲೆ ಕೊಣ್ಣೂರ ಎಂದು ಬರೆಯಲು ಏಳು ಕೀಲಿಗಳು ಸಾಕು: ಕೆ, ಓ, ಶಿಫ್ಟಿನೊಡನೆ ಎನ್, ಎಫ್, ಶಿಫ್ಟಿನೊಡನೆ ಎನ್, ಶಿಫ್ಟಿನೊಡನೆ ಯು, ಆರ್. ಯಂತ್ರವು ಒಳಗೆ ಇಟ್ಟುಕೊಳ್ಳುವ ತುಂಡುಗಳು ಏಳೆಂದು ಮೇಲೆ ಹೇಳಿದೆವು; ನಾವು ಒತ್ತಿದ ಕೀಲಿಗಳೂ ಏಳೇ.

ಕ್ಯಾಪ್ಸ್ ಲಾಕ್ ಎಂಬ ಕೀಲಿಯು ಶಿಫ್ಟನ್ನು ಹಿಡಿದೇ ಇಟ್ಟ ಹಾಗೆ. ಇಂಗ್ಲಿಷಿನಲ್ಲಿ ಅದನ್ನು ಮರೆತರೆ ಅಕ್ಷರಗಳು ದೊಡ್ಡವಾಗುವವು, ಅಷ್ಟೇ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲವಾದ್ದರಿಂದ ಶಬ್ದವೇ ಕೆಡುವದು. ಈ ವಿನ್ಯಾಸದಲ್ಲಿ ಕಮಲ ಎಂದು ಬರೆಯಹೋದವಳು ಪರದೆಯನ್ನು ನೋಡಿದರೆ ಖಂಳ ಎಂದಿರುವದು. ಆಗ ಯಂತ್ರವನ್ನು ಬೈಯದೆ ಆ ಕೀಲಿಯ ದೀಪವನ್ನು ನೋಡಿರಿ.

ತಿದ್ದುವದಕ್ಕೆ ಎರಡು ಕೀಲಿಗಳಿವೆ. ಪರದೆಯ ಮೇಲೆ ಮಿನುಗುವ ನೆಟ್ಟಗಿನ ಗೆರೆಗೆ ಕರ್ಸರ್ ಎಂದು ಹೆಸರು. ಮುಂದಿನ ಅಕ್ಷರವು ಎಲ್ಲಿ ಬೀಳುವದೆಂಬದನ್ನು ಅದು ತೋರಿಸುವದು. ಅದರ ಹಿಂದಿನದನ್ನು ಅಳಿಸುವದು ಬ್ಯಾಕ್‌ಸ್ಪೇಸ್, ಮುಂದಿನದನ್ನು ಅಳಿಸುವದು ಡಿಲೀಟ್. ಎರಡೂ ಒಂದೇ ಬಗೆಯಾಗಿ ಅಳಿಸುವವೆಂದು ತಿಳಿಯಬೇಡಿರಿ. ಣ್ಣೂ ಎಂಬದರ ಮುಂದೆ ನಿಂತು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಸಾಮಾನ್ಯವಾಗಿ ಊತ್ವ ಮಾತ್ರ ಹೋಗಿ ಣ್ಣ ಉಳಿಯುವದು. ಇನ್ನೊಮ್ಮೆ ಒತ್ತಿದರೆ ಒತ್ತು ಹೋಗಿ ಣ್ ಉಳಿಯುವದು. ಮತ್ತೊಮ್ಮೆ ಒತ್ತಿದರೆ ಹಲಂತವು ಹೋಗಿ ಣ. ಆದರೆ ಣ್ಣೂ ಎಂಬದರ ಹಿಂದೆ ನಿಂತು ಡಿಲೀಟ್ ಒತ್ತಿದರೆ ಅನೇಕ ತಂತ್ರಾಂಶಗಳಲ್ಲಿ ಅದಿಷ್ಟೂ ಒಮ್ಮೆಗೇ ಹೋಗುವದು. ಆದ್ದರಿಂದ ಒಂದು ದೀರ್ಘವನ್ನು ತಿದ್ದುವದಕ್ಕೆ ಇಡೀ ಶಬ್ದವನ್ನು ಅಳಿಸುವ ಅಗತ್ಯವಿಲ್ಲ. ತುಂಡುಗಳಾಗಿ ಯೋಚಿಸುವವಳು ತುಂಡನ್ನೇ ತಿದ್ದುವಳು.

ಇಲ್ಲಿ ಬಹುಜನರು ಅರಿಯದ ಒಂದು ದೋಷವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯಾದ ಸೊನ್ನೆಯೂ ನೋಡುವದಕ್ಕೆ ಹೆಚ್ಚುಕಡಿಮೆ ಒಂದೇ. ಕೈಬರಹದಲ್ಲಿ ಭೇದವನ್ನು ಯಾರೂ ಎಣಿಸುವದಿಲ್ಲ. ಆದರೆ ಯಂತ್ರದಲ್ಲಿ ಅನುಸ್ವಾರದ ಸಂಖ್ಯೆ 3202, ಅಂಕಿಯ ಸೊನ್ನೆಯದು 3302. ಗಂಗಾ ಎಂಬ ಹುಡುಗಿಯ ಹೆಸರನ್ನು ಯಾರೋ ಅವಸರದಿಂದ ಅಂಕಿಯ ಸೊನ್ನೆಯನ್ನಿಟ್ಟು ಬರೆದರೆನ್ನೋಣ. ಅಚ್ಚಾದ ಕಾಗದದಲ್ಲಿ ತಪ್ಪು ಯಾರ ಕಣ್ಣಿಗೂ ಬೀಳದು. ಆದರೆ ಮುಂದೆ ಆ ಪಟ್ಟಿಯಲ್ಲಿ ಗಂಗಾ ಎಂದು ಹುಡುಕಿದವರಿಗೆ ಅಂಥ ಹೆಸರಿನವರು ಯಾರೂ ಇಲ್ಲವೆಂದು ಯಂತ್ರವು ಹೇಳುವದು. ಅಕಾರಾದಿಯಾಗಿ ಜೋಡಿಸಿದರೆ ಅವಳ ಹೆಸರು ತನ್ನ ಸ್ಥಳದಲ್ಲಿ ನಿಲ್ಲದು. ಹುಡುಗಿಯು ಶಾಲೆಯಲ್ಲಿ ಇದ್ದಾಳೆ, ಕಾಗದದಲ್ಲಿಯೂ ಇದ್ದಾಳೆ, ಯಂತ್ರದ ಲೆಕ್ಕದಲ್ಲಿ ಮಾತ್ರ ಇಲ್ಲ! ವಿದ್ಯಾರ್ಥಿವೇತನದ ಪಟ್ಟಿ, ಮತದಾರರ ಪಟ್ಟಿ, ಹೊಲದ ಪಹಣಿ ಇವೆಲ್ಲವೂ ಯಂತ್ರದಲ್ಲಿ ಸೇರಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನುಡಿಯ ವಿನ್ಯಾಸದಲ್ಲಿ ಅನುಸ್ವಾರಕ್ಕೆ ಶಿಫ್ಟಿನೊಡನೆ ಎಮ್ ಒತ್ತಬೇಕು. ಅಂಕಿಗಳ ಸಾಲಿನ ಸೊನ್ನೆಯನ್ನು ಅಂಕಿಗೇ ಬಿಡಿರಿ.

ಇಂಥ ಇನ್ನೊಂದು ಸೂಕ್ಷ್ಮವೆಂದರೆ ಅಗಲವಿಲ್ಲದ ಅಕ್ಷರಗಳು. ಹಲಂತದ ಮುಂದೆ ವ್ಯಂಜನ ಬಂದರೆ ಯಂತ್ರವು ಒತ್ತಕ್ಷರ ಮಾಡುವದೆಂದು ಹೇಳಿದೆವಷ್ಟೇ. ಆದರೆ ರಾಜ್‌ಕುಮಾರ್ ಎಂದು ಬರೆಯುವಾಗ ಜಕಾರಕ್ಕೆ ಕಕಾರವು ಒತ್ತಾಗಿ ಅಂಟಿಕೊಂಡರೆ ಓದುವದಕ್ಕೆ ಆಗದು. ಆಗ ನಡುವೆ ಕಣ್ಣಿಗೆ ಕಾಣದ, ಸ್ಥಳವನ್ನೂ ಹಿಡಿಯದ ಒಂದು ಅಡ್ಡಿಯಕ್ಷರವನ್ನು ಇಡುವರು. ಹಾಗೆಯೇ ರಕಾರವು ಯಕಾರದೊಡನೆ ಸೇರಿದರೆ ಸೂರ್ಯ ಎಂಬಲ್ಲಿ ಇರುವಂತೆ ಅರ್ಕಾವತ್ತು ಆಗುವದು; ರ‍್ಯಾಂಕ್ ಎಂಬಲ್ಲಿ ಹಾಗಾಗಬಾರದು, ಅಲ್ಲಿ ಇನ್ನೊಂದು ಬಗೆಯ ಕಾಣದ ಅಕ್ಷರವು ಬೇಕು. ಇವನ್ನು ತರುವ ಕೀಲಿಗಳು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಹೊಸಬರು ಇವನ್ನು ಎರಡನೆಯ ತಿಂಗಳಿಗೆ ಬಿಡಬಹುದು.

ಈಗ ಪದಸಂಸ್ಕಾರಕದ ಮಾತುಗಳು. ಎಂಟರ್ ಕೀಲಿಯನ್ನು ಪರಿಚ್ಛೇದವು ಮುಗಿದಾಗ ಮಾತ್ರ ಒತ್ತತಕ್ಕದ್ದು. ಸಾಲು ತುಂಬಿದ ಕೂಡಲೆ ಶಬ್ದವು ತಾನಾಗಿ ಕೆಳಗಿನ ಸಾಲಿಗೆ ಇಳಿಯುವದು. ಸಾಲುಸಾಲಿಗೂ ಎಂಟರ್ ಒತ್ತಿದವಳು ಮರುದಿನ ನಡುವೆ ಒಂದು ಶಬ್ದವನ್ನು ಸೇರಿಸಿದರೆ ಇಡೀ ಲೇಖನವು ಹರಿದ ಸೀರೆಯ ಅಂಚಿನಂತೆ ಕಾಣುವದು. ಶಿರೋನಾಮವನ್ನು ನಡುವೆ ನಿಲ್ಲಿಸುವದಕ್ಕೆ ತೆರಪಿನ ಉದ್ದ ಕೀಲಿಯನ್ನು, ಅಂದರೆ ಸ್ಪೇಸ್ ಬಾರನ್ನು, ಇಪ್ಪತ್ತು ಸಲ ಬಡಿಯುವದೂ ಅಂಥದೇ ಅವಿವೇಕ. ಅದಕ್ಕೆ ಮಧ್ಯಕ್ಕೆ ತರುವ ಆಜ್ಞೆಯೇ ಬೇರೆ ಇದೆ.

ಸೇವ್ ಎಂದರೆ ಉಳಿಸುವದು. ಬರೆಯುತ್ತಿರುವಷ್ಟು ಕಾಲ ನಮ್ಮ ಬರಹವು ಯಂತ್ರದ ಕ್ಷಣಿಕ ನೆನಪಿನಲ್ಲಿ ಇರುವದು. ವಿದ್ಯುತ್ತು ಹೋದರೆ ಆ ನೆನಪೂ ಹೋಗುವದು. ಉಳಿಸಿದ ಮೇಲೆ ಅದು ಡಿಸ್ಕಿನ ಮೇಲೆ ಕಡತವಾಗಿ ನಿಲ್ಲುವದು. ಘಟಪ್ರಭೆಯ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನೂಲಿನ ಗಿರಣಿಯನ್ನು ನಡೆಯಿಸಿದ ಗೋಕಾಕ ಫಾಲ್ಸ್ ನಮ್ಮ ಮಗ್ಗುಲಲ್ಲಿಯೇ ಇದ್ದರೂ, ದೀಪವು ಯಾವಾಗ ಆರುವದೆಂದು ಹೇಳಬಲ್ಲವರು ಇಲ್ಲಿ ಯಾರೂ ಇಲ್ಲ. ಕಂಟ್ರೋಲ್ ಎಂಬ ಕೀಲಿಯನ್ನು ಹಿಡಿದು ಎಸ್ ಒತ್ತುವದನ್ನು ಪ್ರತಿ ಪರಿಚ್ಛೇದಕ್ಕೊಮ್ಮೆ ರೂಢಿ ಮಾಡಿಕೊಳ್ಳಿರಿ. ಕಡತಕ್ಕೆ ಇಡುವ ಹೆಸರಿನಲ್ಲಿ ವಿಷಯವೂ ವರ್ಷವೂ ಇರಲಿ. ಹೊಸದು, ಹೊಸದು ಎರಡು, ಕೊನೆಯದು, ನಿಜವಾಗಿ ಕೊನೆಯದು ಎಂಬ ಹೆಸರುಗಳಿಂದ ಯಾರಿಗೂ ಉಪಕಾರವಾಗದು.

ಕತ್ತರಿಸು, ನಕಲಿಸು, ಅಂಟಿಸು ಎಂಬ ಮೂರು ಆಜ್ಞೆಗಳು ಪತ್ರಿಕಾ ಕಚೇರಿಯಿಂದ ಬಂದವು. ಅಲ್ಲಿ ಸಂಪಾದಕರು ಹಸ್ತಪ್ರತಿಯ ಸಾಲುಗಳನ್ನು ಕತ್ತರಿಯಿಂದ ಕತ್ತರಿಸಿ, ಸರಿ ಹಚ್ಚಿ ಬೇರೆ ಕಡೆಗೆ ಅಂಟಿಸುತ್ತಿದ್ದರು. ಅಮೇರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬವರು 1970ರ ದಶಕದಲ್ಲಿ ಈ ಕ್ರಮವನ್ನು ಗಣಕಕ್ಕೆ ಕಲಿಸಿದರು. ಕಂಟ್ರೋಲಿನೊಡನೆ ಎಕ್ಸ್ ಒತ್ತಿದರೆ ಕತ್ತರಿಸುವದು, ಸಿ ನಕಲು, ವಿ ಅಂಟಿಸುವದು. ಇವುಗಳ ಎಡಕ್ಕೆ ಇರುವ ಝಡ್ ಒತ್ತಿದರೆ ಈಗ ಮಾಡಿದ್ದು ರದ್ದಾಗುವದು. ಹೊಸಬರಿಗೆ ಧೈರ್ಯ ಕೊಡುವ ಕೀಲಿ ಇದೊಂದೇ ಎಂದರೂ ಸಲ್ಲುವದು.

ಹುಡುಕಿ ಬದಲಿಸುವ ಆಜ್ಞೆಯು ಬಹಳ ಬಲವುಳ್ಳದ್ದು, ಆದುದರಿಂದಲೇ ಅಪಾಯದ್ದು. ಒಬ್ಬ ವಿದ್ಯಾರ್ಥಿನಿಯು ರಾಮನೆಂಬ ಹುಡುಗನ ಕಥೆಯನ್ನು ಬರೆದು, ಆ ಮೇಲೆ ಅವನ ಹೆಸರು ಭೀಮನೆಂದಿರಲಿ ಎಂದು ಯೋಚಿಸಿ, ರಾಮ ಎಂದು ಇದ್ದಲ್ಲೆಲ್ಲ ಭೀಮ ಎಂದು ಹಾಕೆಂದು ಆಜ್ಞೆ ಮಾಡಿದಳೆನ್ನಿರಿ. ರಾಮನಿಗೆ ಎಂಬದು ಭೀಮನಿಗೆ ಎಂದಾಗುವದು, ಸರಿ. ಆದರೆ ರಾಮದುರ್ಗವು ಭೀಮದುರ್ಗವಾಗುವದು. ಆರಾಮವಾಗಿ ಮಲಗಿದ್ದವನು ಆಭೀಮವಾಗಿ ಮಲಗುವನು. ಅನೇಕ ತಂತ್ರಾಂಶಗಳಲ್ಲಿ ಗ್ರಾಮವು ಕೂಡ ಗ್ಭೀಮವಾಗುವದು. ನಮ್ಮ ಕಣ್ಣಿಗೆ ಗ್ರಾಮದಲ್ಲಿ ರಾಮನಿಲ್ಲ, ಅಲ್ಲಿ ಇರುವದು ಗಕಾರದ ಕೆಳಗಿನ ಒತ್ತು ಮಾತ್ರ. ಯಂತ್ರದ ಕಡತದಲ್ಲಾದರೋ ಗ, ಹಲಂತ, ರ, ಆಕಾರದ ಚಿಹ್ನೆ, ಮ ಎಂದು ಸಾಲಾಗಿ ಇರುವದರಿಂದ ಅದಕ್ಕೆ ರಾಮನು ಸ್ಪಷ್ಟವಾಗಿ ಕಾಣುವನು. ಎಲ್ಲವನ್ನೂ ಒಮ್ಮೆಗೇ ಬದಲಿಸೆನ್ನದೆ ಒಂದೊಂದನ್ನೂ ನೋಡಿ ಬದಲಿಸುವದೇ ಕ್ಷೇಮ.

ಫಾಂಟ್ ಎಂಬದು ಅಕ್ಷರದ ಉಡುಪು. ಒಂದೇ ಅಕ್ಷರವನ್ನು ದುಂಡಾಗಿಯೋ ದಪ್ಪವಾಗಿಯೋ ತೋರಿಸುವ ಬರಹದ ಶೈಲಿ. ಮುಖ್ಯ ಮಾತನ್ನು ಎತ್ತಿ ತೋರಿಸಲು ಇಂಗ್ಲಿಷಿನವರು ಅಡಿಗೆರೆ ಎಳೆಯುವರು. ಕನ್ನಡದಲ್ಲಿ ಅದು ಒಳ್ಳೇದಲ್ಲ. ಆ ಗೆರೆಯು ನಮ್ಮ ಒತ್ತಕ್ಷರಗಳ ಕುತ್ತಿಗೆಯ ಮೇಲೆಯೇ ಹಾಯುವದು. ಕೊಣ್ಣೂರ ಎಂದು ಬರೆದು ಅಡಿಗೆರೆ ಎಳೆದು ನೋಡಿರಿ. ಓರೆಯಕ್ಷರಗಳೂ ಕನ್ನಡಕ್ಕೆ ಹೊಂದುವದಿಲ್ಲ. ದಪ್ಪಕ್ಷರವೇ ಸಾಕು.

ಫಾಂಟಿನ ವಿಷಯದಲ್ಲಿ ಒಂದು ಹಳೆಯ ತೊಡಕು ಇನ್ನೂ ಪೂರ್ತಿ ಬಗೆಹರಿದಿಲ್ಲ. ಯೂನಿಕೋಡಿನ ಕನ್ನಡವು ನಮ್ಮ ಯಂತ್ರಗಳಲ್ಲಿ ಬಳಕೆಗೆ ಬರುವ ಮೊದಲು, ಕನ್ನಡದ ತುಂಡುಗಳ ಚಿತ್ರಗಳನ್ನು ಇಂಗ್ಲಿಷ ಅಕ್ಷರಗಳ ಮನೆಗಳಲ್ಲಿಯೇ ಕೂಡಿಸಿದ ಫಾಂಟುಗಳಿಂದ ಕೆಲಸವನ್ನು ಸಾಗಿಸುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಅದಿಲ್ಲದಿದ್ದರೆ ಎಷ್ಟೋ ಪುಸ್ತಕಗಳು ಹೊರಬರುತ್ತಿರಲಿಲ್ಲ. ಆದರೆ ಹಾಗೆ ಬರೆದ ಕಡತದಲ್ಲಿ ಯಂತ್ರಕ್ಕೆ ಗೊತ್ತಿರುವದು ಇಂಗ್ಲಿಷ ಅಕ್ಷರಗಳೇ; ಕನ್ನಡವು ಅವುಗಳ ಮೇಲಿನ ಮುಖವಾಡ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಮುಖವಾಡವು ಕಳಚಿ ಅರ್ಥವಿಲ್ಲದ ಇಂಗ್ಲಿಷ ಅಕ್ಷರಗಳ ರಾಶಿಯು ಕಾಣುವದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್ ಇದ್ದು, ಅಲ್ಲಿಂದ ಮುಂದೆ ನಿಜವಾದ ಕನ್ನಡವು ಸಾಮಾನ್ಯ ಯಂತ್ರಗಳಿಗೂ ಬಂತು. ನುಡಿ, ಬರಹಗಳಲ್ಲಿಯೂ ಈಗ ಯೂನಿಕೋಡಿನಲ್ಲಿ ಬರೆಯಬಹುದು. ಆದರೆ ಎರಡೂ ಬಗೆಯ ಬರವಣಿಗೆಗೆ ಅವಕಾಶವಿರುವಲ್ಲಿ ಯಾವದನ್ನು ಆರಿಸಿದ್ದೀರೆಂಬದನ್ನು ಬರೆಯುವ ಮೊದಲು ನೋಡತಕ್ಕದ್ದು. ನಿಮ್ಮ ಮನೆಯಲ್ಲಿ ಅಥವಾ ಊರ ಗ್ರಂಥಾಲಯದಲ್ಲಿ ಹಳೆಯ ಫಾಂಟಿನಲ್ಲಿ ಬರೆದ ಕಡತಗಳಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳುಂಟು. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳನ್ನೂ ಒತ್ತಕ್ಷರಗಳನ್ನೂ ಒಂದು ಸಲ ಕಣ್ಣಿಟ್ಟು ಓದಿರಿ. ತಪ್ಪು ಉಳಿಯುವದು ಹೆಚ್ಚಾಗಿ ಅಲ್ಲಿಯೇ.

ಅಭ್ಯಾಸಕ್ಕಾಗಿ ನಮ್ಮ ಸುತ್ತಲಿನ ಹೆಸರುಗಳನ್ನೇ ಕೊಡು

ವೆವು. ಮೇಲೆ ಹೇಳಿದ ನುಡಿಯ ವಿನ್ಯಾಸದಲ್ಲಿ ಗೋಕಾಕಕ್ಕೆ ಐದು ಕೀಲಿಗಳು, ಮೂಡಲಗಿಗೆ ಆರು, ಘಟಪ್ರಭಾ ಎಂಬದಕ್ಕೆ ಏಳು, ಹುಕ್ಕೇರಿಗೆ ಎಂಟು. ಮೊದಲು ಕಾಗದದ ಮೇಲೆ ಪ್ರತಿಯೊಂದನ್ನೂ ತುಂಡುಗಳಾಗಿ ಬಿಡಿಸಿ ಬರೆದು, ಲೆಕ್ಕವು ಸರಿಹೋಗುವದೋ ಎಂದು ನೋಡಿ, ಆ ಮೇಲೆ ಕೀಲಿಮಣೆಯ ಮುಂದೆ ಕುಳಿತುಕೊಳ್ಳಿರಿ. ಎರಡೂ ಕೈಗಳ ತೋರು ಬೆರಳುಗಳನ್ನು ಎಫ್ ಮತ್ತು ಜೆ ಕೀಲಿಗಳ ಮೇಲೆ ಇಡಿರಿ. ಕತ್ತಲೆಯಲ್ಲಿಯೂ ಗುರುತು ಸಿಕ್ಕಲೆಂದು ಆ ಎರಡಕ್ಕೆ ಮಾತ್ರ ಸಣ್ಣ ಉಬ್ಬುಗೆರೆ ಇರುವದು. ಹಲಂತದ ಎಫ್ ಆಗಲೇ ನಿಮ್ಮ ಎಡಗೈಯ ಬೆರಳಿನ ಕೆಳಗೆ ಇದೆ.